ಪ್ಲಸ್ ಟು ಮುಗಿಯಿತು, ಡಿಗ್ರಿ ಕಣ್ಣೂರಾ ಮಂಗಳೂರಾ? ಅನುಭವ ಇರುವ ಗಡಿನಾಡಿನವರು ಹೇಳಿ

ಪೈವಳಿಕೆಯ ಅಮ್ಮ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆ. ಮಗಳು ಪ್ಲಸ್ ಟು (ಹನ್ನೆರಡನೇ ತರಗತಿ) ಕಾಮರ್ಸ್ ಮುಗಿಸಿದ್ದಾಳೆ. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಮಲಯಾಳ ಕೇಳಿದರೆ ಅರ್ಥ ಆಗುತ್ತದೆ, ಓದುವುದು ಸ್ವಲ್ಪ ಕಷ್ಟ. ಬಿ.ಕಾಂ. ಮಾಡುತ್ತೇನೆ ಎನ್ನುತ್ತಾಳೆ. ಆಮೇಲೆ ಟೀಚರ್ ಆಗುವ ಆಸೆಯೂ ಉಂಟು.

ಇಲ್ಲಿಯೇ ಕಣ್ಣೂರು ವಿಶ್ವವಿದ್ಯಾಲಯದ ಕಾಲೇಜಿಗೆ ಸೇರಿಸಿದರೆ ಈಗ ನಾಲ್ಕು ವರ್ಷದ ಡಿಗ್ರಿಯಂತೆ. ಮಂಗಳೂರಿಗೆ ಕಳಿಸಿದರೆ ಮೂರೇ ವರ್ಷ, ಭಾಷೆಯ ತಲೆನೋವೂ ಇಲ್ಲ ಅಂತ ನಮ್ಮ ಯಜಮಾನರು. ನಾಲ್ಕು ವರ್ಷ ಓದಲೇಬೇಕಾ? ಕನ್ನಡ ಮಕ್ಕಳಿಗೆ ಕಾಲೇಜಿನಲ್ಲಿ ಏನಾದರೂ ಸಹಾಯ ಸಿಗುತ್ತದಾ? ಕರ್ನಾಟಕದಲ್ಲಿ ಓದಿ ಬಂದರೆ ಮುಂದೆ ಕೇರಳ ಪಿ.ಎಸ್.ಸಿ.ಗೆ ತೊಂದರೆಯಾ? ಕೇಳಿದ ಮಾತು ಬೇಡ, ಸ್ವತಃ ಓದಿದವರು, ಮಕ್ಕಳನ್ನು ಓದಿಸಿದವರು ಹೇಳಿ.

ವಿದ್ಯಾನಗರದಲ್ಲಿ ಓದುತ್ತಿರುವವಳು

ಅಕ್ಕ, ನಾನು 2024ರಲ್ಲಿ ಸೇರಿದವಳು, ಅಂದರೆ ಹೊಸ ಪದ್ಧತಿಯ ಮೊದಲ ಬ್ಯಾಚ್. ಮೊದಲು ಆ ನಾಲ್ಕು ವರ್ಷದ ಹೆದರಿಕೆ ಬಿಡಿ. ಮೂರು ವರ್ಷದಲ್ಲಿ 133 ಕ್ರೆಡಿಟ್ (ಪಾಸಾದ ಕೋರ್ಸುಗಳಿಗೆ ಸಿಗುವ ಪಾಯಿಂಟ್) ಆದರೆ ಡಿಗ್ರಿ ತೆಗೆದುಕೊಂಡು ಹೊರಡಬಹುದು. ಮುಂದುವರಿದು 177 ಮಾಡಿದವರಿಗೆ ಆನರ್ಸ್. ನಾಲ್ಕನೇ ವರ್ಷದಲ್ಲಿ ರಿಸರ್ಚ್ ಬೇಕೆಂದರೆ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಬೇಕು. ಅದನ್ನು ಮೂರನೇ ವರ್ಷದಲ್ಲಿ ಯೋಚಿಸಿದರೆ ಸಾಕು.

ನಿಜವಾದ ಗೊಂದಲ ಇರುವುದು ಶುರುವಿನಲ್ಲಿ. ಮೇಜರ್ (ಮುಖ್ಯ ವಿಷಯ), ಮೈನರ್ (ಜೊತೆಗಿನ ವಿಷಯ), ಮಲ್ಟಿಡಿಸಿಪ್ಲಿನರಿ, ವ್ಯಾಲ್ಯೂ ಆಡೆಡ್ ಅಂತ ಕೋರ್ಸುಗಳ ಉದ್ದ ಪಟ್ಟಿ ಮುಂದಿಡುತ್ತಾರೆ. ಯಾವುದನ್ನು ಆರಿಸಬೇಕು ಅಂತ ಪಕ್ಕದಲ್ಲಿ ಕೂತು ಹೇಳುವವರು ಕಡಿಮೆ. ತುಂಬ ಜನ ಗೆಳತಿ ಬರೆದದ್ದನ್ನೇ ಬರೆಯುತ್ತಾರೆ. ಪಟ್ಟಿಯಲ್ಲಿ ಚಂದದ ಹೆಸರಿನ ಕೋರ್ಸ್ ಎಷ್ಟೇ ಇರಲಿ, ಆ ಕಾಲೇಜಿನಲ್ಲಿ ಕಲಿಸುವವರಿದ್ದರೆ ಮಾತ್ರ ಅದು ಸಿಗುವುದು. ಸೀನಿಯರ್ ಒಬ್ಬರನ್ನು ಹಿಡಿದು ಕೇಳಲಿ.

ಭಾಷೆಯ ವಿಷಯ. ಪಠ್ಯ, ಪರೀಕ್ಷೆ ಎಲ್ಲ ಇಂಗ್ಲಿಷ್. ವಿವರಣೆ ಹೆಚ್ಚಾಗಿ ಮಲಯಾಳದಲ್ಲಿ. ಕಾಮರ್ಸ್‌ನಲ್ಲಿ ಡೆಬಿಟ್, ಕ್ರೆಡಿಟ್, ಲೆಡ್ಜರ್ ಎಲ್ಲ ಹೇಗೂ ಇಂಗ್ಲಿಷೇ ಅಲ್ವಾ, ಕೆಲವು ತಿಂಗಳಲ್ಲಿ ಹೊಂದಿಕೊಳ್ಳುತ್ತಾಳೆ. ಭಾಷಾ ಕೋರ್ಸಿಗೆ ಕನ್ನಡ ತೆಗೆದುಕೊಳ್ಳಬೇಕೆಂದಿದ್ದರೆ ಆಪ್ಷನ್ ಕೊಡುವ ಮೊದಲೇ ಆ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರು ಇದ್ದಾರಾ ಅಂತ ವಿಚಾರಿಸಿ. ಕಾಸರಗೋಡು ಸರ್ಕಾರಿ ಕಾಲೇಜಿನಲ್ಲಿ ಕನ್ನಡ ವಿಭಾಗವೇ ಉಂಟು, ಎಂ.ಎ.ವರೆಗೆ. ನಿಮಗೆ ಹತ್ತಿರ ಮಂಜೇಶ್ವರದ ಗೋವಿಂದ ಪೈ ಕಾಲೇಜು. ಅಲ್ಲಿಗೆ ಒಮ್ಮೆ ಹೋಗಿ ನೋಡಿ ಬನ್ನಿ.

ಉಪ್ಪಳದ ಅಪ್ಪ

ನನ್ನ ಮಗ ಮಂಗಳೂರಿನಲ್ಲಿ ಬಿ.ಕಾಂ. ಮುಗಿಸಿದ. ಮಗಳು ಈಗ ಅಲ್ಲಿಯೇ ಓದುತ್ತಿದ್ದಾಳೆ. ಭಾಷೆ ಸುಲಭ ಎನ್ನುವುದು ನಿಜ. ಆದರೆ ಮೂರೇ ವರ್ಷ ಅನ್ನುವ ಕಾರಣಕ್ಕೆ ಮಾತ್ರ ಕಳಿಸಬೇಡಿ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದ್ಧತಿ ತಂದರು, 2024ರಲ್ಲಿ ಕೈಬಿಟ್ಟು ಪುನಃ ಮೂರಕ್ಕೆ ಬಂದರು. ಅದೇ 2024ರಲ್ಲಿ ಕೇರಳ ನಾಲ್ಕು ವರ್ಷದ್ದನ್ನು ಶುರು ಮಾಡಿತು! ಗಡಿಯ ತಲಪಾಡಿಯ ಆಚೆ ಒಂದು, ಈಚೆ ಒಂದು. ನನ್ನ ಮಗ ಸೇರುವಾಗ ಇದ್ದ ನಿಯಮ ಮಗಳು ಸೇರುವಾಗ ಇರಲಿಲ್ಲ. ನಡುವೆ ಸಿಕ್ಕಿಹಾಕಿಕೊಳ್ಳುವವರು ಮಕ್ಕಳು.

ಖರ್ಚಿನ ಲೆಕ್ಕ ಸರಿಯಾಗಿ ಹಾಕಿ. ಬಸ್ಸಿನಲ್ಲಿ ಇಲ್ಲಿನ ವಿದ್ಯಾರ್ಥಿ ಕನ್ಸೆಷನ್ ನಂಬಿ ಮಂಗಳೂರಿಗೆ ಹೋಗಲು ಆಗುವುದಿಲ್ಲ. ರೈಲು ಬೆಸ್ಟ್. ಹೆಣ್ಣುಮಕ್ಕಳಿಗೆ ಡಿಗ್ರಿ ಮುಗಿಯುವವರೆಗೆ ಮನೆಯಿಂದ ಕಾಲೇಜಿಗೆ ಸೆಕೆಂಡ್ ಕ್ಲಾಸ್ ಮಂತ್ಲಿ ಸೀಸನ್ ಟಿಕೆಟ್ ಉಚಿತ. ತುಂಬ ಜನರಿಗೆ ಇದು ಗೊತ್ತೇ ಇಲ್ಲ. ಕಾಲೇಜಿನಿಂದ ಸರ್ಟಿಫಿಕೇಟ್ ಬರೆಸಿಕೊಂಡು ಸ್ಟೇಷನ್ ಕೌಂಟರಿನಲ್ಲಿ ಕೇಳಿ. ಗಂಡುಮಕ್ಕಳಿಗೆ ಈ ಉಚಿತ ಪಾಸ್ ಹನ್ನೆರಡನೆಯವರೆಗೆ ಮಾತ್ರ, ಆಮೇಲೆ ರಿಯಾಯಿತಿ ದರದ್ದು. ಆದರೆ ಪೈವಳಿಕೆಯಿಂದ ಸ್ಟೇಷನ್ನಿಗೆ ಬರುವುದೇ ಒಂದು ಕೆಲಸ. ಮಳೆಗಾಲದಲ್ಲಿ ಬೆಳಗ್ಗಿನ ಬಸ್ ಹೇಗುಂಟು ಅಂತ ನಿಮಗೇ ಗೊತ್ತು.

ಇನ್ನೊಂದು ಮಾತು. 2020ರ ಮಾರ್ಚಿನಲ್ಲಿ ಕೊರೊನಾ ಅಂತ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದ್ದು ನೆನಪಿದೆಯಲ್ವಾ? ಮರುವರ್ಷ ಆರ್.ಟಿ.ಪಿ.ಸಿ.ಆರ್. ಕಾಗದ ಹಿಡಿದು ತಲಪಾಡಿಯಲ್ಲಿ ನಿಂತದ್ದು? ಅಂಥದ್ದು ದಿನಾ ಬರುವುದಿಲ್ಲ, ಒಪ್ಪುತ್ತೇನೆ. ಬಂದಾಗ ಮಾತ್ರ ನಮ್ಮ ಮಕ್ಕಳ ಪರವಾಗಿ ಮಾತಾಡುವವರು ಆಚೆಯೂ ಇಲ್ಲ, ಈಚೆಯೂ ಇಲ್ಲ.

ಹೆಸರು ಬೇಡ, ಬದಿಯಡ್ಕ ಕಡೆ

ಉಪ್ಪಳದ ಅಣ್ಣ ಹೇಳಿದ್ದು ಸರಿ. ನಾನು ಇಲ್ಲಿಯೇ ಒಂದು ಖಾಸಗಿ ಕಾಲೇಜಿನಲ್ಲಿ ಓದಿದೆ. ನನಗೆ ಪಾಠ ಕಷ್ಟ ಆಗಲಿಲ್ಲ, ನೋಟಿಸ್ ಕಷ್ಟ ಆಯಿತು. ಪರೀಕ್ಷಾ ಫೀಸಿನ ಕಡೆಯ ದಿನ, ಸ್ಕಾಲರ್‌ಶಿಪ್ ರಿನ್ಯೂವಲ್, ಇಂಟರ್ನಲ್ ಮಾರ್ಕಿಗೆ ಆಕ್ಷೇಪ ಕೊಡುವ ದಿನ, ಎಲ್ಲ ಕ್ಲಾಸ್ ವಾಟ್ಸಾಪ್ ಗುಂಪಿನಲ್ಲಿ ಮಲಯಾಳದಲ್ಲಿ ಬರುತ್ತಿತ್ತು. ಕನ್ನಡದವರು ಕೆಲವೇ ಜನ. ಇಂಗ್ಲಿಷಿನಲ್ಲೂ ಹಾಕಿ ಅಂತ ಆಫೀಸಿನಲ್ಲಿ ಕೇಳಿದರೆ "ಯಾರಿಗಾದರೂ ಓದಲು ಕೊಡು" ಎನ್ನುವ ಉತ್ತರ. ಫೀಸಿನ ಜೊತೆ ಫೈನ್ ಕಟ್ಟಿದವರು ನಾವೇ.

ಕೊನೆಗೆ ಕೆಲಸ ಆದದ್ದು ಬರವಣಿಗೆಯಿಂದ. ಬಾಯಲ್ಲಿ ಹೇಳುವುದನ್ನು ಬಿಟ್ಟು, ನಾವೆಲ್ಲ ಸಹಿ ಹಾಕಿ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟೆವು. ಇನ್ನೊಂದು ಪ್ರತಿಯಲ್ಲಿ ಸೀಲು, ತಾರೀಕು ಹಾಕಿಸಿಕೊಂಡೆವು. ಆ ಸೀಲು ಬಿದ್ದ ಮೇಲೆ ಆಫೀಸಿನವರ ಮಾತಿನ ಧಾಟಿಯೇ ಬೇರೆ ಆಯಿತು!

ಯು.ಜಿ.ಸಿ. 2023ರ ನಿಯಮದ ಪ್ರಕಾರ ಪ್ರತಿ ಕಾಲೇಜಿನಲ್ಲೂ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು. ದೂರು ಕೊಟ್ಟ 15 ಕೆಲಸದ ದಿನಗಳೊಳಗೆ ಅದು ವರದಿ ಕೊಡಬೇಕು. ಸಮಾಧಾನ ಆಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ (ದೂರು ವಿಚಾರಿಸಲು ನೇಮಿಸಿದವರು) ಅಪೀಲು ಹಾಕಬಹುದು. ಮಗಳು ಸೇರಿದ ತಕ್ಷಣ ಆ ಸಮಿತಿಯಲ್ಲಿ ಯಾರಿದ್ದಾರೆ ಅಂತ ತಿಳಿದಿಟ್ಟುಕೊಳ್ಳಲಿ. ಮಾರ್ಕಿನ ಬಗ್ಗೆ ಅನುಮಾನ ಬಂದರೆ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. 2011ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿದೆ.

ಅಕ್ಕಲಕೋಟದಿಂದ

ನಿಮ್ಮದು ಓದಿ ನಮ್ಮ ಊರಿಂದೇ ಸುದ್ದಿ ಅನಿಸಿತು. ನಮ್ಮ ಕಡೆ, ಅಂದರೆ ಮಹಾರಾಷ್ಟ್ರದ ಗಡಿಯಲ್ಲಿ, ಹತ್ತನೆಯವರೆಗೆ ಕನ್ನಡ ಶಾಲೆ ಇದ್ದರೂ ಮುಂದೆ ಮರಾಠಿ ಇಲ್ಲವೇ ಇಂಗ್ಲಿಷ್. ನಾನು ಡಿಗ್ರಿ ಸೊಲ್ಲಾಪುರದಲ್ಲಿ ಮಾಡಿದೆ. ತಮ್ಮ ಇಂಜಿನಿಯರಿಂಗಿಗೆ ಕರ್ನಾಟಕಕ್ಕೆ ಹೋದ, ಸಿ.ಇ.ಟಿ. ಬರೆದು.

ಅಕ್ಕಾವ್ರು ಬಿ.ಕಾಂ. ಕೇಳಿದ್ದಾರೆ, ಆದ್ರೂ ಬೇರೆ ಯಾರಿಗಾದರೂ ಬೇಕಾದೀತು ಅಂತ ಹೇಳುತ್ತೇನೆ. ಕರ್ನಾಟಕದ ಸಿ.ಇ.ಟಿ.ಯಲ್ಲಿ ಗಡಿನಾಡು ಕನ್ನಡಿಗ ಎಂಬ ಕಲಮು (ಸೀಟಿಗೆ ಅರ್ಹತೆ ಕೊಡುವ ನಿಯಮ) ಇದೆ. ಅಕ್ಕಲಕೋಟ, ಜತ್ತ, ಗಡಹಿಂಗ್ಲಜದವರಿಗೂ ಅದು ಸಿಗುತ್ತದೆ, ಕಾಸರಗೋಡು, ಮಂಜೇಶ್ವರದವರಿಗೂ ಸಿಗುತ್ತದೆ. ಮನೆಮಾತು ಕನ್ನಡವೇ ಆಗಬೇಕಿಲ್ಲ, ತುಳು ಆದರೂ ನಡೆಯುತ್ತದೆ. ಒಂದು ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಪ್ರೈಮರಿ ಮಟ್ಟದ್ದು, ಕನ್ನಡ ಶಾಲೆಯಲ್ಲಿ ಕಲಿತವರಿಗೆ ಲೆಕ್ಕಕ್ಕೇ ಇಲ್ಲ. ಆದರೆ ಅರ್ಜಿ ತುಂಬುವಾಗಲೇ ಆ ಕಲಮು ಆರಿಸಬೇಕು. ನಮ್ಮ ಊರ ಹುಡುಗರು ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿ ಕನ್ನಡ ಬರೆಯುವುದನ್ನೇ ಮರೆತಿದ್ದಾರೆ, ಅವರು ಮಾತ್ರ ಪರೀಕ್ಷೆಗೆ ಹೆದರುತ್ತಾರೆ.

ಮುಳ್ಳೇರಿಯದ ನಿವೃತ್ತ ಟೀಚರ್

ಎಲ್ಲರೂ ಎಲ್ಲಿ ಓದಬೇಕು ಅಂತ ಹೇಳಿದ್ದೀರಿ. ತಂಗೀ, ನಿಮ್ಮ ಪ್ರಶ್ನೆಯಲ್ಲಿ ಟೀಚರ್ ಆಗುವ ಆಸೆ ಎನ್ನುವ ಮಾತು ಬಂದಿದೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಬಿ.ಕಾಂ.ನಿಂದ ಟೀಚರ್ ಆಗುವ ದಾರಿ ಕೇರಳದಲ್ಲಿ ಉದ್ದ. ಕಾಮರ್ಸ್ ಇರುವುದು ಹೈಯರ್ ಸೆಕೆಂಡರಿಯಲ್ಲಿ. ಅದಕ್ಕೆ ಎಂ.ಕಾಂ. ಬೇಕು, ಬಿ.ಎಡ್. ಬೇಕು, ಸೆಟ್ (ರಾಜ್ಯದ ಅರ್ಹತಾ ಪರೀಕ್ಷೆ) ಪಾಸಾಗಬೇಕು. ಕಾಮರ್ಸ್ ಬಿ.ಎಡ್.ಗೆ ಸೇರಲೂ ಎಂ.ಕಾಂ. ಕೇಳುತ್ತಾರೆ. ಇದನ್ನು ಡಿಗ್ರಿ ಮುಗಿದ ಮೇಲೆ ತಿಳಿದು ಬೇಸರ ಮಾಡಿಕೊಂಡ ಮಕ್ಕಳನ್ನು ಜಾಸ್ತಿ ನೋಡಿದ್ದೇನೆ.

ಚಿಕ್ಕ ಮಕ್ಕಳಿಗೆ ಕಲಿಸುವುದು ಇಷ್ಟವಿದ್ದರೆ ಪ್ಲಸ್ ಟು ಆದ ಕೂಡಲೇ ಡಿ.ಎಲ್.ಎಡ್. (ಶಿಕ್ಷಕರ ತರಬೇತಿ ಡಿಪ್ಲೊಮಾ) ಉಂಟು, ಎರಡು ವರ್ಷ. ಮಾಯಿಪ್ಪಾಡಿಯ ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ) ಕನ್ನಡ ಮಾಧ್ಯಮದಲ್ಲೇ ಓದಬಹುದು. ಆಮೇಲೆ ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆ ಕೆ-ಟೆಟ್ ಪಾಸಾದರೆ ಕನ್ನಡ ಮಾಧ್ಯಮದ ಎಲ್.ಪಿ. (ಕಿರಿಯ ಪ್ರಾಥಮಿಕ), ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಗಳ ಪಿ.ಎಸ್.ಸಿ.ಗೆ ಅರ್ಜಿ ಹಾಕಬಹುದು. ಕನ್ನಡ ಗೊತ್ತಿಲ್ಲದ ಟೀಚರು ಕನ್ನಡ ಮಾಧ್ಯಮಕ್ಕೆ ಬಂದರು ಅಂತ ನಮ್ಮ ಜಿಲ್ಲೆಯಲ್ಲಿ ಮಕ್ಕಳು, ಪೋಷಕರು ಎಷ್ಟು ಸಲ ಪ್ರತಿಭಟನೆ ಮಾಡಿದ್ದಾರೆ! ಕನ್ನಡದಲ್ಲೇ ಕಲಿತ ಮಕ್ಕಳು ಆ ಹುದ್ದೆಗಳಿಗೆ ಅರ್ಹತೆ ಮಾಡಿಕೊಳ್ಳದಿದ್ದರೆ ಕೂಗಿ ಏನು ಫಲ?

ಕನ್ನಡವನ್ನೇ ವಿಷಯವಾಗಿ ಓದುವುದಾದರೆ ಬಿ.ಎ., ಎಂ.ಎ. ಕಾಸರಗೋಡಿನಲ್ಲೇ ಉಂಟು. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಕನ್ನಡ ಎಂ.ಎ. ಉಂಟು, ಅದಕ್ಕೆ ಸಿ.ಯು.ಇ.ಟಿ. ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಆ ವಿಶ್ವವಿದ್ಯಾಲಯ 2009ರಿಂದ ನಮ್ಮ ಜಿಲ್ಲೆಯಲ್ಲೇ ಇದೆ. ಆದರೂ ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಅದರ ಸುದ್ದಿಯೇ ಬರುವುದಿಲ್ಲ.

ಕರ್ನಾಟಕದ ಡಿಗ್ರಿ ಇಲ್ಲಿ ನಡೆಯುವುದಿಲ್ಲ ಎನ್ನುವುದು ಸುಳ್ಳು. ಆದರೆ ಪಿ.ಎಸ್.ಸಿ.ಯಲ್ಲೋ ಮುಂದಿನ ಕೋರ್ಸಿಗೋ ಮಾನ್ಯತೆಯ ಇಲ್ಲವೇ ತತ್ಸಮಾನ ಸರ್ಟಿಫಿಕೇಟ್ (ಇಲ್ಲಿನ ಡಿಗ್ರಿಗೆ ಸಮ ಎನ್ನುವ ಕಾಗದ) ಕೇಳಬಹುದು. ಅದನ್ನು ಕೇರಳದ ವಿಶ್ವವಿದ್ಯಾಲಯದಿಂದ ಮಾಡಿಸಬೇಕು. ಸಿಲೆಬಸ್, ಮಾರ್ಕ್‌ಲಿಸ್ಟ್ ಎಲ್ಲ ಬೇಕಾಗುತ್ತದೆ. ಪಿ.ಎಸ್.ಸಿ. ಕರೆದ ಮೇಲೆ ಓಡಾಡಿದರೆ ಸಮಯ ಸಾಲುವುದಿಲ್ಲ, ಡಿಗ್ರಿ ಕೈಗೆ ಬಂದ ಕೂಡಲೇ ಮಾಡಿಸಿಡಿ. ಹುಡುಗಿ ಕೇರಳದಲ್ಲೇ ಕೆಲಸ ಮಾಡಬೇಕೆಂದಿದ್ದರೆ ಇಲ್ಲಿಯೇ ಓದಲಿ, ಅಷ್ಟೆ ನನ್ನ ಅಭಿಪ್ರಾಯ. ಮಲಯಾಳ ಓದಲು ಬರುವುದಿಲ್ಲ ಎನ್ನುವುದನ್ನು ಈ ರಜೆಯಲ್ಲೇ ಸರಿ ಮಾಡಬಹುದು. ಕಲಿತರೆ ಕನ್ನಡ ಕಡಿಮೆ ಆಗುವುದಿಲ್ಲ.

ಉಪ್ಪಳದ ಅಪ್ಪ

ಟೀಚರ್, ಕೇರಳದಲ್ಲಿ ಕೆಲಸ ಸಿಗುವುದು ಗ್ಯಾರಂಟಿ ಆಗಿದ್ದರೆ ನಾನೂ ಇಲ್ಲಿಯೇ ಓದಿಸುತ್ತಿದ್ದೆ. ನನ್ನ ಮಗ ಮಂಗಳೂರಿನಲ್ಲಿ ಓದಿದ್ದಕ್ಕೇ ಅಲ್ಲಿ ಆಡಿಟರ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಪಿ.ಎಸ್.ಸಿ. ಲಿಸ್ಟ್ ಕಾಯುತ್ತ ಕೂತವರೂ ನಮ್ಮ ಬೀದಿಯಲ್ಲೇ ಇದ್ದಾರೆ.

ಮುಳ್ಳೇರಿಯದ ನಿವೃತ್ತ ಟೀಚರ್

ಅದೂ ಸರಿಯೇ. ನಾನು ಹೇಳಿದ್ದು ಟೀಚರ್ ಆಗುವವರ ಲೆಕ್ಕ. ಆಫೀಸ್ ಕೆಲಸಕ್ಕಾದರೆ ನಿಮ್ಮ ಮಾತಿಗೆ ನನ್ನ ತಕರಾರಿಲ್ಲ.

ಕುಂಬಳೆಯ ಅಕ್ಷಯ ಕೇಂದ್ರದವ (ಆನ್‌ಲೈನ್ ಅರ್ಜಿ ತುಂಬಿಕೊಡುವವ)

ಸ್ಕಾಲರ್‌ಶಿಪ್ ಬಗ್ಗೆ ಯಾರೂ ಹೇಳಲಿಲ್ಲ. ಎಸ್.ಸಿ., ಎಸ್.ಟಿ., ಒ.ಬಿ.ಸಿ.ಯವರಾದರೆ ಇ-ಗ್ರಾಂಟ್ಸ್ (ಕೇರಳ ಸರ್ಕಾರದ ವಿದ್ಯಾರ್ಥಿ ಸಹಾಯಧನ) ನೋಡಿ. ಹೊರ ರಾಜ್ಯಕ್ಕೆ ಸೇರುವವರು ಸಿಗುತ್ತದಾ ಇಲ್ಲವಾ ಅಂತ ಸಂಬಂಧಪಟ್ಟ ಇಲಾಖೆಯ ಆಫೀಸಿನಲ್ಲಿ ಅಡ್ಮಿಷನ್ನಿಗೆ ಮೊದಲೇ ಕೇಳಬೇಕು. ಸೇರಿದ ಮೇಲೆ ಬಂದು ನನ್ನನ್ನು ಕೇಳಿದರೆ ನಾನೇನು ಮಾಡಲಿ?

ಆದಾಯ, ಜಾತಿ, ನೇಟಿವಿಟಿ ಸರ್ಟಿಫಿಕೇಟ್ ಈಗಲೇ ಮಾಡಿಸಿ. ಎಸ್.ಎಸ್.ಎಲ್.ಸಿ. ಪುಸ್ತಕದಲ್ಲಿ, ಆಧಾರಿನಲ್ಲಿ, ಬ್ಯಾಂಕಿನಲ್ಲಿ ಹೆಸರು ಒಂದೇ ಥರ ಇದೆಯಾ ನೋಡಿ. ಕನ್ನಡ ಹೆಸರುಗಳ ಸ್ಪೆಲ್ಲಿಂಗ್ ಮೂರು ಕಡೆ ಮೂರು ಥರ ಇರುತ್ತದೆ, ದುಡ್ಡು ಬಾರದೆ ನಿಲ್ಲುವುದು ಹೆಚ್ಚಾಗಿ ಅಲ್ಲಿಯೇ. ಪ್ರಾಸ್ಪೆಕ್ಟಸ್‌ನಲ್ಲಿ ಭಾಷಾ ಅಲ್ಪಸಂಖ್ಯಾತರ ಕಾಲಂ ಕಂಡರೆ ಬಿಡಬೇಡಿ, ಅದಕ್ಕೆ ಯಾವ ಸರ್ಟಿಫಿಕೇಟ್ ಬೇಕು ಅಂತ ಓದಿ.

ಸರ್ಕಾರಿ ಕಚೇರಿಗೆ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. 1969ರ ಕೇರಳದ ಆಡಳಿತ ಭಾಷಾ ಕಾಯ್ದೆಯಲ್ಲೇ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಆ ಹಕ್ಕು ಕೊಟ್ಟಿದ್ದಾರೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ದೂರು ಕೊಡುವುದಾದರೆ ಸಂವಿಧಾನದ 350ನೇ ವಿಧಿಯೂ ಇದೆ. ಕೇಂದ್ರದಲ್ಲೋ ಆ ರಾಜ್ಯದಲ್ಲೋ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡಬಹುದು ಅಂತ ಅದರಲ್ಲಿದೆ. ಬೇಗ ಆಗಬೇಕಾದ ಕೆಲಸಕ್ಕೆ ನಾನಂತೂ ಜೊತೆಗೊಂದು ಇಂಗ್ಲಿಷ್ ಪ್ರತಿ ಇಡಿ ಎನ್ನುತ್ತೇನೆ.

ಪೈವಳಿಕೆಯ ಅಮ್ಮ

ಎಲ್ಲರಿಗೂ ತುಂಬ ಉಪಕಾರ. ಬಿ.ಕಾಂ.ನಿಂದ ಟೀಚರ್ ಆಗಲು ಇಷ್ಟು ಸುತ್ತು ಉಂಟು ಅಂತ ನಮಗೆ ಗೊತ್ತೇ ಇರಲಿಲ್ಲ. ಮಗಳಿಗೆ ಟೀಚರ್ ಬರೆದದ್ದನ್ನು ಓದಿಸಿದೆ. ಡಿ.ಎಲ್.ಎಡ್. ಬಗ್ಗೆ ಈಗ ಅವಳೇ ಕೇಳುತ್ತಿದ್ದಾಳೆ. ಎರಡಕ್ಕೂ ಅರ್ಜಿ ಹಾಕಬಹುದಾ? ಕಾಲೇಜಿಗೆ ಸೇರಿದ ಮೇಲೆ ಡಯಟ್‌ನಲ್ಲಿ ಸೀಟು ಸಿಕ್ಕಿದರೆ ಏನು ಮಾಡುವುದು?

ವಿದ್ಯಾನಗರದಲ್ಲಿ ಓದುತ್ತಿರುವವಳು

ಹಾಕಬಹುದು ಅಕ್ಕ, ಎರಡರ ಅರ್ಜಿ ಬೇರೆ ಬೇರೆ. ಕಾಲೇಜು ಬಿಡುವಾಗ ಟಿ.ಸಿ., ಒರಿಜಿನಲ್ ಮಾರ್ಕ್‌ಲಿಸ್ಟ್ ವಾಪಸ್ ತೆಗೆದುಕೊಳ್ಳಬೇಕು. ಕೆಲವು ಕಡೆ ಸತಾಯಿಸುತ್ತಾರೆ. ಸೇರುವ ದಿನವೇ ಫೀಸ್ ವಾಪಸ್ ನಿಯಮ ಕೇಳಿಕೊಳ್ಳಿ, ಒರಿಜಿನಲ್ ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ. ಡಯಟ್‌ನಲ್ಲಿ ನನ್ನ ಅತ್ತಿಗೆ ಓದಿದ್ದಾರೆ, ಬೇಕಾದರೆ ಮಗಳ ಜೊತೆ ಮಾತಾಡಿಸುತ್ತೇನೆ.