ಸಹಾಯ ಬೇಕು: ಹಳೇ ರೇಡಿಯೋ ನಾಟಕದ ಹಳ್ಳಿ ಇಂಗ್ಲಿಷ್ ಬಿಡಿಸಿ ಹೇಳುವವರು ಇದ್ದೀರಾ?

ನಮಸ್ಕಾರ, ಶಿರಸಿಯಿಂದ ಬರೆಯುತ್ತಿದ್ದೇನೆ. ನಮ್ಮ ದೊಡ್ಡಪ್ಪನಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಧಾರವಾಡ ಆಕಾಶವಾಣಿ ಕೇಳುತ್ತಾ ಬೆಳೆದವರು, ರೇಡಿಯೋ ನಾಟಕ ಅಂದರೆ ಜೀವ. ದಿನಾ ಸಂಜೆ ಅವರ ಬಾಲ್ಯದ ಗೆಳೆಯರೊಬ್ಬರು ಬರುತ್ತಾರೆ, ಇಬ್ಬರೂ ಜಗುಲಿಯಲ್ಲಿ ಕವಳ ಹಾಕುತ್ತಾ ಅಡಿಕೆ ದರದಿಂದ ಮಾತು ಶುರು ಮಾಡಿ ಜಗಳದಲ್ಲಿ ಮುಗಿಸುತ್ತಾರೆ, ಮರುದಿನ ಮತ್ತೆ ಹಾಜರು.

ಅವರಿಗೆ ಅಮೆರಿಕದ 'ಲಮ್ ಅಂಡ್ ಆಬ್ನರ್' ಕೇಳಿಸಬೇಕು ಅಂತ ನನ್ನ ಆಸೆ. ಆರ್ಕನ್ಸಾ ರಾಜ್ಯದ ಚೆಸ್ಟರ್ ಲಾಕ್, ನಾರಿಸ್ ಗಾಫ್ ಎಂಬ ಗೆಳೆಯರು 1931ರಲ್ಲಿ ಶುರು ಮಾಡಿದ ಹಾಸ್ಯ ಕಾರ್ಯಕ್ರಮ ಇದು. ಪೈನ್ ರಿಜ್ ಎಂಬ ಹಳ್ಳಿ, ಒಂದು ದಿನಸಿ ಅಂಗಡಿ, ಅದನ್ನು ನಡೆಸುವ ಇಬ್ಬರು ವಯಸ್ಸಾದ ಗೆಳೆಯರು, ಅಷ್ಟೇ. ಊರಿನ ಬೇರೆ ಎಷ್ಟೋ ಪಾತ್ರಗಳಿಗೂ ಲಾಕ್, ಗಾಫ್ ಇಬ್ಬರದೇ ದನಿ! ಜನ ಎಷ್ಟು ಹಚ್ಚಿಕೊಂಡಿದ್ದರು ಅಂದರೆ, 1936ರಲ್ಲಿ ವಾಟರ್ಸ್ ಎಂಬ ನಿಜವಾದ ಊರು ತನ್ನ ಹೆಸರನ್ನೇ ಪೈನ್ ರಿಜ್ ಎಂದು ಬದಲಿಸಿಕೊಂಡಿತು.

ರೆಕಾರ್ಡಿಂಗ್ ನನ್ನ ಹತ್ತಿರ ಇದೆ. ತೊಂದರೆ ಭಾಷೆಯದು. ಆ ಕಡೆಯ ಹಳ್ಳಿ ಇಂಗ್ಲಿಷ್, ಹಳೇ ಗಾದೆ, ಎಳೆದು ಮಾತಾಡುವ ರೀತಿ ನನಗೆ ಅರ್ಧಕ್ಕರ್ಧ ತಿಳಿಯುವುದಿಲ್ಲ. ಸುಮ್ನೆ ಕಥೆ ಹೇಳಿದರೆ ನಗು ಬರುವುದಿಲ್ಲ ಅಲ್ವಾ? ಅಮೆರಿಕದಲ್ಲಿ ಇದ್ದವರು ಅಥವಾ ಈ ಭಾಷೆ ಗೊತ್ತಿರುವವರು ಯಾರಾದರೂ ಒಂದು ಕಂತನ್ನು ನನ್ನ ಜೊತೆ ಕೂತು ಬಿಡಿಸಿ ಹೇಳುತ್ತೀರಾ? ಸುಮಾರು ಹದಿನೈದು ನಿಮಿಷದ್ದು. ಫೋನಿನಲ್ಲಾದರೂ ಸಾಕು. ಕನ್ನಡದಲ್ಲಿ ಬರೆದುಕೊಂಡು ನಾನೇ ಓದಿ ಹೇಳುತ್ತೇನೆ. ಹವ್ಯಕ ಮಾತಿಗೆ ತರಲು ಯಾರಾದರೂ ಕೈಜೋಡಿಸಿದರೆ ಇನ್ನೂ ಖುಷಿ.