ಪಾರ್ಟಿ ಮುಗಿಯುವವರೆಗೂ ನುಣುಪಾಗಿ ಉಳಿಯುವಂಥ ಬಿಸಿ ಚೀಸ್ ಡಿಪ್ ಮಾಡುವುದು ಹೇಗೆ?

ಪ್ರಶ್ನೆ — ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ನಮ್ಮ ಮನೆಯಲ್ಲಿ ಇಪ್ಪತ್ತು ಜನ ಸೇರುವ ಪಾರ್ಟಿ ಇದೆ. ಪಾಲಕ್ ಸೊಪ್ಪು ಮತ್ತು ಚೀಸ್ ಹಾಕಿ ಓವನ್ನಿನಲ್ಲಿ ಬೇಯಿಸಿದ ಡಿಪ್ಪನ್ನು ಸುಟ್ಟ ಬ್ರೆಡ್ಡಿನ ಜೊತೆ ಇಡಬೇಕೆಂದುಕೊಂಡಿದ್ದೇನೆ. ಈ ತಿನಿಸು ಓವನ್ನಿನಿಂದ ಹೊರಬಂದಾಗ ಬಹಳ ಚೆನ್ನಾಗಿದ್ದು, ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮೇಲೆ ಜಿಡ್ಡು ತೇಲಿ, ತಳದಲ್ಲಿ ಸೊಪ್ಪಿನ ನೀರು ನಿಂತು, ನಡುವಿನ ಚೀಸ್ ಬಿಗಿದು ಬ್ರೆಡ್ಡಿನ ತುಂಡು ಅದರೊಳಗೇ ಮುರಿಯುವಂತಾಗುವುದನ್ನು ಹಲವು ಕಡೆ ನೋಡಿದ್ದೇನೆ. ಅತಿಥಿಗಳು ಒಟ್ಟಿಗೆ ಬರುವುದಿಲ್ಲವಾದ್ದರಿಂದ ಕನಿಷ್ಠ ಒಂದೂವರೆ ಗಂಟೆಯಾದರೂ ಅದು ನುಣುಪಾಗಿಯೂ ಬಿಸಿಯಾಗಿಯೂ ಇರಬೇಕು.

ಯಾವ ಚೀಸ್ ಎಷ್ಟು ಹಾಕಬೇಕು, ಹಿಂದಿನ ದಿನವೇ ಕಲಸಿಡಬಹುದೇ, ಮೇಜಿನ ಮೇಲೆ ಬಿಸಿ ಉಳಿಸಿಕೊಳ್ಳಲು ಏನು ಮಾಡಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ. ಬರುವವರಲ್ಲಿ ಕೆಲವರು ಸಸ್ಯಾಹಾರಿಗಳು.

ಉತ್ತರ — ಬೆಣ್ಣೆಬಟ್ಟಲು

ನೀವು ಹೇಳಿದ ಮೂರು ತೊಂದರೆಗಳಲ್ಲಿ ಜಿಡ್ಡು ಬಿಡುವುದಕ್ಕೂ ಚೀಸ್ ಬಿಗಿಯುವುದಕ್ಕೂ ಕಾರಣ ಒಂದೇ, ಅದು ಅತಿಯಾದ ಕಾವು. ಚೀಸ್ ಎಂದರೆ ಹಾಲಿನ ಪ್ರೋಟೀನಿನ ಒಂದು ಜಾಲ. ಕ್ಯಾಲ್ಸಿಯಂ ಆ ಜಾಲವನ್ನು ಹಿಡಿದಿಟ್ಟಿರುತ್ತದೆ, ಕೊಬ್ಬು ಮತ್ತು ನೀರು ಅದರೊಳಗೆ ಸಿಕ್ಕಿಕೊಂಡಿರುತ್ತವೆ. ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೊಬ್ಬು ಕರಗತೊಡಗುತ್ತದೆ, 60–65ರ ಆಸುಪಾಸಿನಲ್ಲಿ ಜಾಲ ಸಡಿಲಗೊಂಡು ಚೀಸ್ ಹರಿಯುತ್ತದೆ. ಅಲ್ಲಿಂದ ಮುಂದೆಯೂ ಕಾಯಿಸುತ್ತಲೇ ಹೋದರೆ ಪ್ರೋಟೀನಿನ ಎಳೆಗಳು ಮತ್ತೆ ಒಂದಕ್ಕೊಂದು ಅಂಟಿಕೊಂಡು, ಒಳಗಿದ್ದ ನೀರನ್ನೂ ಕೊಬ್ಬನ್ನೂ ಹೊರಕ್ಕೆ ಹಿಂಡಿಬಿಡುತ್ತವೆ. ಹೀಗೆ ಒಡೆದ ಚೀಸನ್ನು ಎಷ್ಟು ಕಲಕಿದರೂ ಮೊದಲಿನಂತಾಗುವುದು ಕಷ್ಟ. ಆದ್ದರಿಂದ ಓವನ್ನಿನ ಕೆಲಸವೆಂದರೆ ಡಿಪ್ಪನ್ನು ಒಳಗಿನವರೆಗೆ ಬಿಸಿಮಾಡಿ ಮೇಲ್ಭಾಗಕ್ಕೆ ಬಣ್ಣ ಬರಿಸುವುದಷ್ಟೇ. ಬೇಯಬೇಕಾದದ್ದೆಲ್ಲವೂ ಅದಕ್ಕೂ ಮೊದಲು ಒಲೆಯ ಮೇಲೆಯೇ ಬೆಂದಿರಬೇಕು.

ಚೀಸನ್ನು ಒಡೆಯದಂತೆ ಹಿಡಿಯಲು ನನಗೆ ಅತ್ಯಂತ ನಂಬಿಕೆಯಿರುವ ಉಪಾಯವೆಂದರೆ ಮೈದಾ ಹಾಕಿದ ವೈಟ್ ಸಾಸ್. ಪಿಷ್ಟವು ನೀರನ್ನು ಹಿಡಿದಿಟ್ಟುಕೊಂಡು ಪ್ರೋಟೀನಿನ ಎಳೆಗಳ ನಡುವೆ ಅಡ್ಡ ನಿಲ್ಲುವುದರಿಂದ ಅವು ಸುಲಭವಾಗಿ ಗಂಟುಕಟ್ಟುವುದಿಲ್ಲ. ಇಪ್ಪತ್ತು ಜನಕ್ಕೆ 30 ಗ್ರಾಂ ಬೆಣ್ಣೆ, 30 ಗ್ರಾಂ ಮೈದಾ, 350 ಮಿಲಿಲೀಟರ್ ಹಾಲು, 400 ಗ್ರಾಂ ಕ್ರೀಮ್ ಚೀಸ್, ಹೆಚ್ಚು ಹಳತಾಗದ 200 ಗ್ರಾಂ ಚೆಡ್ಡಾರ್, 100 ಗ್ರಾಂ ಮೊಝರೆಲ್ಲಾ, ಮೇಲೆ ಉದುರಿಸಲು 50 ಗ್ರಾಂ ಪಾರ್ಮೆಸಾನ್ ಬೇಕಾಗುತ್ತವೆ. ಬೆಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ಈರುಳ್ಳಿ, ಬೆಳ್ಳುಳ್ಳಿಗಳನ್ನು ಮೆತ್ತಗಾಗುವವರೆಗೆ ಬಾಡಿಸಿ, ಮೈದಾ ಹಾಕಿ ಹಸಿವಾಸನೆ ಹೋಗುವವರೆಗೆ ಹುರಿದು, ಹಾಲನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ ಗಂಟಾಗದಂತೆ ಕೈಯಾಡಿಸುತ್ತಾ ಕುದಿಸಿರಿ. ಸಾಸ್ ಸೌಟಿನ ಬೆನ್ನಿಗೆ ಅಂಟಿ, ಬೆರಳಿನಿಂದ ಎಳೆದ ಗೆರೆ ಕೂಡಿಕೊಳ್ಳದೆ ಹಾಗೆಯೇ ನಿಲ್ಲುವ ಹದ ಬಂದಾಗ ಒಲೆ ಆರಿಸಿ, ಮೊದಲು ಕ್ರೀಮ್ ಚೀಸನ್ನೂ ಆಮೇಲೆ ತುರಿದ ಚೆಡ್ಡಾರನ್ನೂ ಹಿಡಿಹಿಡಿಯಾಗಿ ಹಾಕಿ ಕರಗಿಸಿರಿ. ಮೊಝರೆಲ್ಲಾವನ್ನು ಕೊನೆಯಲ್ಲಿ ಬೆರೆಸಿದರೆ ಸಾಕು. ಉಪ್ಪಿನ ರುಚಿಯನ್ನು ಎಲ್ಲ ಚೀಸ್ ಸೇರಿದ ಮೇಲೆಯೇ ನೋಡಿರಿ. ಬಹುಮಟ್ಟಿಗೆ ಬೇರೆ ಉಪ್ಪು ಬೇಕಾಗುವುದೇ ಇಲ್ಲ. ಒಂದು ಚಿಟಿಕೆ ಜಾಯಿಕಾಯಿ ಪುಡಿ ಹಾಕಿದರೆ ಪಾಲಕ್ ಸೊಪ್ಪಿನ ರುಚಿ ಎದ್ದು ಬರುತ್ತದೆ.

ಬಹಳ ಹಳತಾದ ಚೆಡ್ಡಾರಿಗೆ ರುಚಿ ಹೆಚ್ಚು, ನಿಜ. ಆದರೆ ಮಾಗುವಾಗ ಅದರ ಪ್ರೋಟೀನಿನ ಜಾಲ ತುಂಡಾಗಿರುತ್ತದೆ, ನೀರಿನಂಶವೂ ಕಡಿಮೆಯಾಗಿರುತ್ತದೆ, ಹಾಗಾಗಿ ಅದು ಬೇಗನೆ ಜಿಡ್ಡು ಬಿಡುತ್ತದೆ. ಆ ರುಚಿ ಬೇಕೆನಿಸಿದರೆ 50 ಗ್ರಾಂ ಮಾತ್ರ ಹಳೆಯದನ್ನು ಹಾಕಿ, ಉಳಿದದ್ದು ಎಳೆಯದೇ ಇರಲಿ.

ಉತ್ತರ — ಹಸಿರುಕೊತ್ತಂಬರಿ

ಮೇಲಿನವರು ಹೇಳಿದ್ದು ಸರಿಯಾಗಿದೆ, ಆದರೆ ಮೊಝರೆಲ್ಲಾವನ್ನು ಡಿಪ್ಪಿನ ಒಳಗೆ ಬೆರೆಸುವುದನ್ನು ನಾನು ಒಪ್ಪುವುದಿಲ್ಲ. ಬಿಸಿಯಿರುವಾಗ ಎಳೆಎಳೆಯಾಗಿ ಬರುವ ಚೀಸ್ ಅದು, ತಣಿಯುತ್ತಾ ಬಂದಂತೆ ಮೊದಲು ಬಿಗಿಯುವುದೂ ಅದೇ. ಪಿಜ್ಜಾದ ಮೇಲೆ ಅದು ಶೋಭಿಸುವುದು ಐದು ನಿಮಿಷದಲ್ಲಿ ತಿಂದು ಮುಗಿಸುವುದರಿಂದ. ಒಂದೂವರೆ ಗಂಟೆ ಮೇಜಿನ ಮೇಲಿರಬೇಕಾದ ಡಿಪ್ಪಿನಲ್ಲಿ ಅದರ ಜಾಗಕ್ಕೆ ಫಾಂಟೀನಾ ಅಥವಾ ಗೌಡಾ ಹಾಕಿದರೆ ಮಿಶ್ರಣ ಮೆತ್ತಗೇ ಉಳಿಯುತ್ತದೆ. ಎಳೆ ಬರಲೇಬೇಕೆಂದು ಮನಸ್ಸಿದ್ದರೆ ಮೊಝರೆಲ್ಲಾವನ್ನು ಮೇಲೆ ಮಾತ್ರ ಹರಡಿ.

ತಳದಲ್ಲಿ ನಿಲ್ಲುವ ನೀರಿನ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಪಾಲಕ್ ಸೊಪ್ಪಿನ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರೇ ಇರುತ್ತದೆ. ಫ್ರೋಜನ್ ಸೊಪ್ಪಿನಲ್ಲಿ ಹೆಪ್ಪುಗಟ್ಟಿದ ನೀರು ಎಲೆಯ ಕೋಶಗಳನ್ನು ಮೊದಲೇ ಒಡೆದಿರುವುದರಿಂದ ಅದು ಕರಗಿದ ಕೂಡಲೇ ನೀರನ್ನೆಲ್ಲ ಬಿಟ್ಟುಕೊಡುತ್ತದೆ, ಹಿಂಡುವುದಕ್ಕೆ ಅದೇ ಹೆಚ್ಚು ಅನುಕೂಲ. 500 ಗ್ರಾಂ ಸೊಪ್ಪನ್ನು ಪೂರ್ತಿ ಕರಗಿಸಿ, ತೆಳುವಾದ ಹತ್ತಿಬಟ್ಟೆಯಲ್ಲಿ ಗಂಟುಕಟ್ಟಿ, ಹನಿ ಬೀಳುವುದು ನಿಲ್ಲುವವರೆಗೆ ತಿರುಚಿರಿ. ಬಿಚ್ಚಿ ಕೈಯಿಂದ ಸಡಿಲಿಸಿ, ಇನ್ನೊಮ್ಮೆ ಕಟ್ಟಿ ತಿರುಚಿದರೆ ಮತ್ತೂ ಕೆಲವು ಚಮಚ ಹಸಿರು ನೀರು ಇಳಿಯುವುದನ್ನು ಕಾಣುವಿರಿ. ಡಿಪ್ಪಿನ ತಳದಲ್ಲಿ ನಿಲ್ಲುವುದು ಆ ಎರಡನೆಯ ಸಲದ ನೀರೇ. ಕೊನೆಗೆ ಉಂಡೆಯನ್ನು ಬಿಡಿಸಿ ಸಣ್ಣಗೆ ಕೊಚ್ಚಿ ಸಾಸಿಗೆ ಸೇರಿಸಿರಿ, ಇಲ್ಲವಾದರೆ ಉದ್ದನೆಯ ಎಳೆಗಳು ಬ್ರೆಡ್ಡಿನಿಂದ ಜೋತುಬೀಳುತ್ತವೆ. ಡಬ್ಬಿಯಲ್ಲಿ ಸಿಗುವ ಆರ್ಟಿಚೋಕ್ ಎಂಬ ತರಕಾರಿಯನ್ನು ಸೇರಿಸುವುದಾದರೆ ಅದನ್ನೂ ಹೀಗೆಯೇ ಹಿಂಡಬೇಕು.

ಹಿಂದಿನ ದಿನ ಕಲಸಿಡಲು ಯಾವ ಅಡ್ಡಿಯೂ ಇಲ್ಲ. ಆದರೆ ಫ್ರಿಜ್ಜಿನಿಂದ ತೆಗೆದ ಗಾಜಿನ ಅಥವಾ ಪಿಂಗಾಣಿಯ ಪಾತ್ರೆಯನ್ನು ನೇರವಾಗಿ ಕಾದ ಓವನ್ನಿಗೆ ಇಡಬೇಡಿ, ಒಮ್ಮೆಲೇ ತಾಪ ಬದಲಾದರೆ ಅದು ಬಿರುಕು ಬಿಡಬಹುದು. ಮಿಶ್ರಣವನ್ನು ಬೇರೊಂದು ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು, ಮರುದಿನ ಬೇಯಿಸುವ ಪಾತ್ರೆಗೆ ಹಾಕಿಕೊಳ್ಳುವುದು ಎಲ್ಲಕ್ಕಿಂತ ನಿಶ್ಚಿಂತೆಯ ದಾರಿ.

ಮರುಪ್ರಶ್ನೆ — ಸಂಜೆಮಲ್ಲಿಗೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೊಝರೆಲ್ಲಾವನ್ನು ಮೇಲೆ ಮಾತ್ರ ಹಾಕಿ, ಒಳಗೆ ಗೌಡಾ ಹಾಕುತ್ತೇನೆ. ಇನ್ನು ಎರಡು ಸಂದೇಹಗಳಿವೆ. ತುರಿದೇ ಸಿಗುವ ಪೊಟ್ಟಣದ ಚೀಸ್ ಬಳಸಬಹುದೇ? ತಣ್ಣಗಿರುವ ಮಿಶ್ರಣವನ್ನು ಎಷ್ಟು ಹೊತ್ತು, ಎಷ್ಟು ಕಾವಿನಲ್ಲಿ ಇಡಬೇಕು?

ಉತ್ತರ — ಬೆಣ್ಣೆಬಟ್ಟಲು

ಮೊಝರೆಲ್ಲಾದ ವಿಷಯದಲ್ಲಿ ಹಸಿರುಕೊತ್ತಂಬರಿಯವರ ಮಾತೇ ನಿಮ್ಮ ಸಂದರ್ಭಕ್ಕೆ ಹೆಚ್ಚು ಹೊಂದುತ್ತದೆ. ಪೊಟ್ಟಣದ ತುರಿಗೆ ಎಳೆಗಳು ಅಂಟಿಕೊಳ್ಳದಿರಲೆಂದು ಆಲೂಗಡ್ಡೆ ಪಿಷ್ಟವನ್ನೋ ಸೆಲ್ಯುಲೋಸ್ ಪುಡಿಯನ್ನೋ ಸವರಿರುತ್ತಾರೆ. ಅದರಿಂದ ಸಾಸ್ ಸ್ವಲ್ಪ ಹಿಟ್ಟುಹಿಟ್ಟಾಗಿ ತೋರಬಹುದು. ಮೇಲೆ ಉದುರಿಸಲು ಅದು ಸಾಕು, ಒಳಗೆ ಹಾಕುವುದನ್ನು ಮಾತ್ರ ಗಡ್ಡೆಯಿಂದ ಆಗಲೇ ತುರಿದುಕೊಳ್ಳಿ.

ಕಲಸಿದ ಮಿಶ್ರಣ ಇನ್ನೂ ಬೆಚ್ಚಗಿದ್ದರೆ 180 ಡಿಗ್ರಿಯಲ್ಲಿ 20 ನಿಮಿಷ ಸಾಕು. ಫ್ರಿಜ್ಜಿನಿಂದ ತೆಗೆದದ್ದಾದರೆ ಪಾತ್ರೆಗೆ ಫಾಯಿಲ್ ಮುಚ್ಚಿ 160 ಡಿಗ್ರಿಯಲ್ಲಿ 25–30 ನಿಮಿಷ ಬಿಸಿಮಾಡಿ, ಆಮೇಲೆ ಫಾಯಿಲ್ ತೆಗೆದು, ಮೇಲಿನ ಚೀಸ್ ಹರಡಿ, 200 ಡಿಗ್ರಿಗೆ ಏರಿಸಿ ಹತ್ತು ನಿಮಿಷದೊಳಗೆ ಬಣ್ಣ ಬರಿಸಿರಿ. ಪಾತ್ರೆಯ ಆಳಕ್ಕೆ ತಕ್ಕಂತೆ ಈ ಹೊತ್ತು ಹೆಚ್ಚುಕಡಿಮೆಯಾಗುವುದರಿಂದ ಗಡಿಯಾರಕ್ಕಿಂತ ಡಿಪ್ಪನ್ನೇ ನಂಬಬೇಕು. ಅಂಚಿನಲ್ಲಿ ಸಣ್ಣ ಗುಳ್ಳೆಗಳು ಎದ್ದು, ನಡುವೆ ಚುಚ್ಚಿ ಕೆಲವು ಕ್ಷಣ ಬಿಟ್ಟು ತೆಗೆದ ಚಾಕುವಿನ ತುದಿ ಮುಟ್ಟಲಾರದಷ್ಟು ಬಿಸಿಯಾಗಿದ್ದರೆ ಆಯಿತು. ನಡುಭಾಗವೂ ಕೊತಕೊತನೆ ಕುದಿಯುವವರೆಗೆ ಕಾಯುವುದು ಬೇಡ.

ಉತ್ತರ — ಇಳಿಹೊತ್ತು

ಬಿಸಿ ಉಳಿಸಿಕೊಳ್ಳುವ ಪ್ರಶ್ನೆಗೆ ನನ್ನ ಸಲಹೆ: ಒಂದು ದೊಡ್ಡ ಪಾತ್ರೆಯ ಬದಲು ಎರಡು ಸಣ್ಣ ಪಾತ್ರೆಗಳಲ್ಲಿ ಮಾಡಿ, ಮೊದಲನೆಯದು ಮುಗಿಯುತ್ತಾ ಬಂದಾಗ ಎರಡನೆಯದನ್ನು ಓವನ್ನಿಗೆ ಇಡಿ. ಮೊದಲು ಬಂದವರಿಗೂ ತಡವಾಗಿ ಬಂದವರಿಗೂ ಹೊಸದಾಗಿ ಬಣ್ಣ ಬಂದ ಡಿಪ್ಪೇ ಸಿಗುತ್ತದೆ, ಯಾವ ಪಾತ್ರೆಯೂ ತಣಿದು ಬಿಗಿಯುವಷ್ಟು ಹೊತ್ತು ಕೂರಬೇಕಾಗುವುದಿಲ್ಲ. ದಪ್ಪನೆಯ ಎರಕದ ಕಬ್ಬಿಣದ ಬಾಣಲೆ ತೆಳುವಾದ ಪಾತ್ರೆಗಿಂತ ಹೆಚ್ಚು ಹೊತ್ತು ಕಾವು ಹಿಡಿಯುತ್ತದೆ. ಅದರ ಹಿಡಿಗೆ ಬಟ್ಟೆ ಸುತ್ತಿಡುವುದನ್ನು ಮಾತ್ರ ಮರೆಯಬೇಡಿ, ಮಕ್ಕಳಿದ್ದರಂತೂ ಅದನ್ನು ಮೇಜಿನ ಒಳಬದಿಗೆ ತಿರುಗಿಸಿಡಿ.

ಸ್ಲೋ ಕುಕ್ಕರ್ ಇದ್ದರೆ ಬಿಸಿಯಾದ ಡಿಪ್ಪನ್ನು ಅದಕ್ಕೆ ಹಾಕಿ, ಬೆಚ್ಚಗಿಡುವ ಮಟ್ಟದಲ್ಲಿಡಬಹುದು. ಮುಚ್ಚಳದಿಂದ ಹನಿಯುವ ನೀರು ಡಿಪ್ಪನ್ನು ತೆಳುಮಾಡುವುದರಿಂದ ಮುಚ್ಚಳದ ಕೆಳಗೆ ಸ್ವಚ್ಛವಾದ ಬಟ್ಟೆಯನ್ನು ಬಿಗಿಯಾಗಿ ಹಿಡಿಸಿರಿ, ಆಗಾಗ ಒಮ್ಮೆ ತಳದಿಂದ ಕಲಕಿರಿ. ಇದರಲ್ಲಿ ಮೇಲಿನ ಹೊಂಬಣ್ಣದ ಪದರ ಸಿಗುವುದಿಲ್ಲ, ನನ್ನ ಮಟ್ಟಿಗೆ ಅದು ದೊಡ್ಡ ನಷ್ಟವೇ.

ಸುರಕ್ಷತೆಯ ಮಾತನ್ನೂ ಹೇಳಬೇಕು. ಹಾಲಿನ ಪದಾರ್ಥಗಳಿರುವ ಬಿಸಿ ತಿನಿಸನ್ನು 60 ಡಿಗ್ರಿಗಿಂತ ಮೇಲಿನ ಕಾವಿನಲ್ಲಿ ಇಡಬೇಕು. ಅದು ಸಾಧ್ಯವಾಗದಿದ್ದರೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಬಿಡಬಾರದು. ಮಿಕ್ಕದ್ದನ್ನು ಆ ಅವಧಿಯೊಳಗೇ ಅಗಲವಾದ ಪಾತ್ರೆಗೆ ಹರಡಿ ಫ್ರಿಜ್ಜಿಗೆ ಸೇರಿಸಿ, ಮತ್ತೆ ಬಡಿಸುವಾಗ ನಡುಭಾಗ 74 ಡಿಗ್ರಿ ಮುಟ್ಟುವಂತೆ ಬಿಸಿಮಾಡಿರಿ. ಬಿಸಿಮಾಡುವಾಗ ಒಂದೆರಡು ಚಮಚ ಹಾಲು ಬೆರೆಸಿದರೆ ಗಟ್ಟಿಯಾದದ್ದು ಸಡಿಲವಾಗುತ್ತದೆ.

ಉತ್ತರ — ತುಂಬೆಹೂ

ಸಸ್ಯಾಹಾರಿ ಅತಿಥಿಗಳಿರುವುದರಿಂದ ಒಂದು ವಿಷಯ. ಇಟಲಿಯ ಮೂಲ ಪಾರ್ಮೆಸಾನ್ ಆದ ಪಾರ್ಮಿಜಾನೊ ರೆಜ್ಜಾನೊ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟನ್ನೇ (ಹಾಲನ್ನು ಗಟ್ಟಿಗೊಳಿಸುವ ಕಿಣ್ವ) ಬಳಸಬೇಕೆಂಬ ನಿಯಮವಿದೆ. ಆದ್ದರಿಂದ ಮೇಲೆ ಉದುರಿಸಲು ಸೂಕ್ಷ್ಮಜೀವಿಯಿಂದ ಅಥವಾ ಸಸ್ಯದಿಂದ ತಯಾರಾದ ರೆನೆಟ್ ಇರುವ ಗಟ್ಟಿ ಚೀಸನ್ನು ಹುಡುಕಿ, ಚೆಡ್ಡಾರ್ ಮತ್ತು ಗೌಡಾ ಪೊಟ್ಟಣಗಳ ಮೇಲೆ ಬರೆದಿರುವುದನ್ನೂ ಓದಿ ನೋಡಿ. ರೆನೆಟ್ ಎಂದಷ್ಟೇ ಬರೆದು ಯಾವ ಮೂಲದ್ದೆಂದು ತಿಳಿಸದಿದ್ದರೆ ಆ ಪೊಟ್ಟಣವನ್ನು ಬಿಟ್ಟುಬಿಡುವುದು ಲೇಸು. ಅತಿಥಿಗಳು ಇದನ್ನು ಬಾಯಿಬಿಟ್ಟು ಕೇಳಲು ಸಂಕೋಚಪಡುತ್ತಾರೆ, ಹಾಗಾಗಿ ಯಾವ ಚೀಸ್ ಹಾಕಿದೆ ಎಂದು ಒಂದು ಚೀಟಿಯಲ್ಲಿ ಬರೆದು ಪಾತ್ರೆಯ ಪಕ್ಕದಲ್ಲಿಡಿ. ಮೈದಾ ತಿನ್ನದವರು ಯಾರಾದರೂ ಇದ್ದರೆ ಅದರ ಬದಲು 15 ಗ್ರಾಂ ಕಾರ್ನ್‌ಫ್ಲೋರನ್ನು ತಣ್ಣನೆಯ ಹಾಲಿನಲ್ಲಿ ಕದಡಿ ಸಾಸಿಗೆ ಹಾಕಬಹುದು; ಅವರಿಗಾಗಿ ಬ್ರೆಡ್ಡಿನ ಜೊತೆಗೆ ಕ್ಯಾರೆಟ್, ಸೌತೆಕಾಯಿಯ ಉದ್ದನೆಯ ಹೋಳುಗಳನ್ನೂ ಇಡಿ.