ಸಹಾಯ ಬೇಕು: ನಮ್ಮದಲ್ಲದ ಗಾಡಿಯ ದಂಡ, ವರ್ಚುವಲ್ ಕೋರ್ಟ್‌ಗೆ ಹೋಗಿರುವ ಚಲನ್

ಎಲ್ಲರಿಗೂ ನಮಸ್ಕಾರ. ಅಪ್ಪನ ಸ್ಕೂಟರ್ ನಂಬರಿಗೆ ಹೆಲ್ಮೆಟ್ ಹಾಕಿಲ್ಲ ಅಂತ 500 ರೂಪಾಯಿ ದಂಡ ಬಿದ್ದಿದೆ. ಫೋಟೋದಲ್ಲಿರೋದು ಕಪ್ಪು ಬೈಕು, ನಮ್ಮದು ಬಿಳಿ ಸ್ಕೂಟರ್. ಆ ಪ್ಲೇಟಿನ 3 ಅನ್ನು 8 ಅಂತ ಓದಿಕೊಂಡಿರೋ ಹಾಗಿದೆ.

ಕಟ್ಟಿ ಮುಗಿಸಿ ಅಂತ ಅಕ್ಕಪಕ್ಕದವರು ಹೇಳ್ತಿದ್ದಾರೆ. ಆದರೆ ಚಲನ್ ಈಗ ವರ್ಚುವಲ್ ಕೋರ್ಟಿಗೆ, ಅಂದರೆ ಇಂಥ ಕೇಸುಗಳನ್ನು ಆನ್‌ಲೈನಲ್ಲೇ ನೋಡೋ ಕೋರ್ಟಿಗೆ ಹೋಗಿದೆ; ಅಲ್ಲಿ ದಂಡ ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗೆ. ಜೀವನಪೂರ್ತಿ ಹೆಲ್ಮೆಟ್ ಇಲ್ಲದೆ ಗಾಡಿ ಹತ್ತದ ಅಪ್ಪ ಅದಕ್ಕೆ ಸುತರಾಂ ತಯಾರಿಲ್ಲ, ನನಗೂ ಅವರು ಹೇಳೋದೇ ಸರಿ ಅನ್ನಿಸುತ್ತೆ. 2023ರ ಥರ ಅರ್ಧ ರಿಯಾಯಿತಿ ಬರುತ್ತೆ, ಕಾಯಿರಿ ಅನ್ನೋ ಸಲಹೆ ದಯವಿಟ್ಟು ಬೇಡ. ಇಲ್ಲಿ ದುಡ್ಡಿನ ಪ್ರಶ್ನೆಯೇ ಇಲ್ಲ.

ವರ್ಚುವಲ್ ಕೋರ್ಟ್ ಜಾಲತಾಣದಲ್ಲಿ ಕರ್ನಾಟಕ ಸಂಚಾರ ವಿಭಾಗ ಆರಿಸಿ, ಗಾಡಿ ನಂಬರ್ ಹಾಕಿದಾಗ ಕೇಸು ಸಿಕ್ಕಿತು. ದಂಡ ಕಟ್ಟೋದು, ಇಲ್ಲವೇ ಪ್ರಶ್ನಿಸೋದು, ಎರಡೇ ದಾರಿ. ಪ್ರಶ್ನಿಸಿದರೆ ಕೇಸು ಮಾಮೂಲಿ ಕೋರ್ಟಿಗೆ ವರ್ಗವಾಗುತ್ತೆ.

ಹೀಗೆ ಪ್ರಶ್ನಿಸಿದವರು ಯಾರಾದರೂ ಇದ್ದೀರಾ? ವರ್ಗವಾದ ಮೇಲೆ ಹೊಸ ಕೇಸ್ ನಂಬರು, ಮುಂದಿನ ತಾರೀಕು ಇ-ಕೋರ್ಟ್ಸ್ ಆ್ಯಪ್‌ನಲ್ಲೇ ಕಾಣಿಸಿತಾ, ಅಥವಾ ಬೆಂಗಳೂರಿನ ಮೇಯೊ ಹಾಲ್ ಕೋರ್ಟಿಗೆ ಹೋಗಿ ಕಚೇರಿಯಲ್ಲಿ ವಿಚಾರಿಸಬೇಕಾಯಿತಾ? ಅಪ್ಪನಿಗೆ ಮಂಡಿನೋವು, ಮೆಟ್ಟಿಲು ಹತ್ತೋದು ಕಷ್ಟ. ಅವರ ಪರವಾಗಿ ನಾನು ಹೋದರೆ ಒಪ್ತಾರಾ, ವಕೀಲರು ಬೇಕೇ ಬೇಕಾ? ಆರ್‌ಸಿ, ಸ್ಕೂಟರ್ ಫೋಟೋ, ಚಲನ್ ಪ್ರಿಂಟ್ ಇಟ್ಟುಕೊಂಡಿದ್ದೇನೆ. ಬೇರೆ ಏನಾದರೂ ಕಾಗದ ಕೇಳಿದ್ದರೆ ತಿಳಿಸಿ. ಕೋರ್ಟಿಗೆ ಹೋಗದೆ, ಪೊಲೀಸರಿಗೇ ದೂರು ಕೊಟ್ಟು ಚಲನ್ ರದ್ದಾದವರಿದ್ದರೆ ಅದನ್ನೂ ಬರೆಯಿರಿ.